ಹಾಲುಮುಳ್ಳು

ಎದೆ ಒಡೆಯುತ್ತದೆ, ಕರುಳು ಚುರುಕ್ಕೆನ್ನುತ್ತದೆ,
ಹೊಟ್ಟೆ ಉರಿಯುತ್ತದೆ, ಪಿತ್ತ ನೆತ್ತಿಗೇರುತ್ತದೆ.
ಯಕೃತ್ತು ಮಾತ್ರ ಏನೂ ಮಾಡುವುದಿಲ್ಲ ನಮ್ಮ ಮಾತಿನಲ್ಲಿ.
ಶಾಲೆಯ ಪುಸ್ತಕದಲ್ಲಿ ಪಿತ್ತಜನಕಾಂಗ,
ಮಟನ್ ಅಂಗಡಿಯಲ್ಲಿ ‘ಸ್ವಲ್ಪ ಜಾಸ್ತಿ ಹಾಕಿ’ ಅನ್ನುವ ಲಿವರ್,
ಅಷ್ಟೇ.

ದುರ್ಗಿಗುಡಿಯ ಈ ಕೌಂಟರಿನ ಹಿಂದೆ
ಹತ್ತೊಂಬತ್ತು ವರ್ಷ ನಿಂತಿದ್ದೇನೆ.
ಕೆಮ್ಮು ಯಾರದ್ದು, ಸಕ್ಕರೆ ಯಾರದ್ದು,
ಚೀಟಿ ನೋಡದೆ ಹೇಳಬಲ್ಲೆ.
ಲಿವರಿನವರು ಬೇರೆ ಥರ:
ಉಳಿದ ಗಿರಾಕಿಗಳು ಹೋಗುವತನಕ
ಗೋಡೆಯ ಕ್ಯಾಲೆಂಡರ್ ಓದುತ್ತಾರೆ,
ಆಮೇಲೆ ಚೀಟಿಯನ್ನು ಮಡಿಸಿದ ಹಾಗೇ ದೂಡುತ್ತಾರೆ.

ಹಾಲೇಶಪ್ಪನೂ ಹಾಗೇ ಬಂದದ್ದು.
ಆಟೋ ಕಾಂಪ್ಲೆಕ್ಸಿನಲ್ಲಿ ಬಸ್ಸಿಗೆ ಬಣ್ಣ ಹೊಡೆಯುತ್ತಾನೆ,
ಉಗುರಿನ ಸಂದಿಯಲ್ಲಿ ಆ ವಾರದ ಬಸ್ಸು.
ಡಬ್ಬಿ ಮೇಲಿನ ನೇರಳೆ ಹೂವನ್ನು
ದೂರ ಹಿಡಿದ, ಹತ್ತಿರ ಹಿಡಿದ.
“ಅಕ್ಕಾ, ಇದು ಯಾವ ಗಿಡ?”
ಹಾಲುಮುಳ್ಳು ಅಂತ ಇಟ್ಕೋ, ಅಂದೆ.
ಆಗಲೇ ಕಟ್ಟಿದ ಹೆಸರು.
ಹೊರದೇಶದ್ದು, ಬೀಜದ ಸಾರ ತೆಗೀತಾರೆ,
ಎಲೆ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಗೆರೆ ಇರುತ್ತಂತೆ.
“ನಮ್ಮ ಕಡೆ ಇಲ್ವಾ?”
ನಮ್ಮ ಕಡೆ ನೆಲನೆಲ್ಲಿ.
“ಅದೂ ಆಯ್ತು. ಚಿಕ್ಕಮ್ಮ ಕೋಣಂದೂರಿಂದ ಬಂದು
ಮಜ್ಜಿಗೇಲಿ ಅರೆದು ಏಳು ದಿನ ಕುಡಿಸಿದ್ಲು, ಉಪ್ಪು ಬಿಡಿಸಿದ್ಲು.
ಅದು ಕಾಮಾಲೆಗಂತೆ.
ನಂದು ಕಾಮಾಲೆ ಅಲ್ವಂತೆ, ಕೊಬ್ಬಂತೆ.”
ಹೇಳುವಾಗ ತನ್ನ ಸಣಕಲು ತೋಳು ನೋಡಿಕೊಂಡ.

ಎರಡನೇ ತಿಂಗಳು,
ಮೂವತ್ತು ಮಾತ್ರೆಗೆ ಆರುನೂರ ನಲವತ್ತು ಎಣಿಸಿಟ್ಟವನು
ಹೋಗಲಿಲ್ಲ.
“ಒಂದು ಬರೆದು ಕೊಡ್ತೀರಾ, ನಾನು ಕುಡಿಯಲ್ಲ ಅಂತ?
ಮಗಳನ್ನ ನೋಡೋಕೆ ಹೊಸನಗರದವರು ಬಂದಿದ್ರು.
ಟಿವಿ ಪಕ್ಕ ಈ ಡಬ್ಬಿ ಇತ್ತು.
ಹುಡುಗನ ಸೋದರಮಾವ
ತಿರುಗಿಸಿ ತಿರುಗಿಸಿ ಲಿವರ್ ಚಿತ್ರ ನೋಡಿದ,
ಅವಲಕ್ಕಿ ಅರ್ಧಕ್ಕೆ ಬಿಟ್ಟು ಎದ್ದರು.
ಅಕ್ಕಾ, ತಾಯಾಣೆ, ನಾನು ಮುಚ್ಚಳ ತೆಗೆದಿರೋ ಬಾಟಲಿ
ಥಿನ್ನರ್ ಒಂದೇ.”

ನಾನು ಡಾಕ್ಟರಲ್ಲ. ನನ್ನ ರಬ್ಬರ್ ಸೀಲಿಗೆ
‘ಮಾರಿದ ಮಾಲು ವಾಪಸ್ಸಿಲ್ಲ’ ಅಷ್ಟೇ ಗೊತ್ತು.
ಆದರೂ ಬಿಲ್ಲಿನ ಹಿಂದೆ, ಹಸಿರು ಪೆನ್ನಿನಲ್ಲಿ:
ಈ ಮಾತ್ರೆ ಕುಡಿಯದವರೂ ತೆಗೆದುಕೊಳ್ಳುತ್ತಾರೆ.
ಕೆಳಗೆ ಸೀಲು ಒತ್ತಿದೆ.
ನೋಟಿಗಿಂತ ಜೋಪಾನವಾಗಿ ಮಡಿಸಿಕೊಂಡ.

ಹೊಸನಗರದವರು ಓದಿದರೋ ಇಲ್ಲವೋ,
ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.

ನಾಲ್ಕನೇ ತಿಂಗಳು ರಿಪೋರ್ಟು ತಂದ.
ಎಂಬತ್ತಾರು ಇದ್ದದ್ದು ಐವತ್ತೊಂದು.
“ಮಾತ್ರೆಯಿಂದಲೇ ಅಲ್ವಾ?”
ಸಂಜೆಯ ಬೋಂಡಾ ಬಿಟ್ಟಿದ್ದ,
ಮೂಗಿಗೆ ಟವೆಲ್ ಬದಲು ಮಾಸ್ಕು ಕಟ್ಟುತ್ತಿದ್ದ,
ಬೆಳಿಗ್ಗೆ ತುಂಗೆಯ ಸೇತುವೆ ದಾಟಿ ನಡೆದು ಬರುತ್ತಿದ್ದ.
ಯಾವುದರ ಪುಣ್ಯವೋ, ಪುಡಿ ಬಾಯಿ ಬಿಡುವುದಿಲ್ಲ.
ಹೌದು ಅಂದರೆ ನನಗೆ ಇನ್ನೊಂದು ಡಬ್ಬಿ ವ್ಯಾಪಾರ.
ನಾಲಿಗೆ ತುದಿಯಲ್ಲಿತ್ತು ಹೌದು.
ಡಾಕ್ಟರನ್ನ ಕೇಳು, ಅಂದೆ.
ಶೋಕೇಸಿನಲ್ಲಿದ್ದ ಖಾಲಿ ಡಬ್ಬಿ ಕೇಳಿ ಇಸ್ಕೊಂಡು ಹೋದ.

ನಿನ್ನೆ ಬಸ್‌ಸ್ಟ್ಯಾಂಡಿನಲ್ಲಿ ಸಾಗರದ ಬಸ್ಸು,
ಹೊಸ ಬಣ್ಣದ ವಾಸನೆ ಇನ್ನೂ ಆರಿಲ್ಲ.
ಹಿಂದೆ, ತಾವರೆ ಇರಬೇಕಾದ ಕಡೆ
ಮೈತುಂಬ ಮುಳ್ಳಿನ ನೇರಳೆ ಹೂವು,
ಎಲೆಗೆ ಸುಣ್ಣದಂಥ ಬಿಳಿ ಗೆರೆ.
ಅವನು ಕಾಣದ ಗಿಡ, ನಾನೂ ಕಾಣದ್ದು.

“ಇದೇನು, ಅನಾನಸ್ಸಾ?”
ಪಕ್ಕದಲ್ಲಿ ಚೀಲ ಹಿಡಿದು ನಿಂತವನು ಕೇಳಿದ.
ಉತ್ತರ ಹೊಂದಿಸುತ್ತಿದ್ದೆ,
ಅಷ್ಟರಲ್ಲಿ ಕಂಡಕ್ಟರು ತಗಡು ಬಡಿದ,
ರೈಟ್ ಅಂದ.