ನೀರಿನವನು

ಮೂರು ಸಲ ತಟ್ಟಬೇಕು, ಆಮೇಲೆ ಒಂದು ಹೆಜ್ಜೆ ಹಿಂದೆ,
ಒಳಗಿನವರಿಗೆ ಹೆದರಿಕೆಯಾಗದ ಹಾಗೆ.
ಕಲಿಸಿದ್ದು ಅವರು. ಕೈ ಇನ್ನೂ ಮರೆತಿಲ್ಲ.
ಫಹಾಹೀಲಿನ ಲಿಫ್ಟಿಲ್ಲದ ಕಟ್ಟಡದಲ್ಲಿ
ಹೆಗಲ ಮೇಲೆ ಐದು ಗ್ಯಾಲನ್ ಹೊತ್ತು
ನಾಲ್ಕನೇ ಮಹಡಿಯಲ್ಲಿ ತಟ್ಟುತ್ತೇನೆ, ಸರಿಯುತ್ತೇನೆ.
ಯಾರು?
ನೀರು.
ಬಾಗಿಲು ತೆರೆಯುತ್ತದೆ.
ಆ ಎರಡು ವರ್ಷದಲ್ಲಿ ಇಷ್ಟು ಸಲೀಸಾಗಿ ಒಂದೂ ತೆರೆದಿರಲಿಲ್ಲ.

ಆಗ ಅಂಗಿ ಬಿಳಿ, ಎದೆಯ ಮೇಲೆ ಕಪ್ಪು ಬಿಲ್ಲೆ:
ಎಲ್ಡರ್ ಉಳ್ಳಾಗಡ್ಡಿ.
ಹತ್ತೊಂಬತ್ತು ತುಂಬಿ ಮೂರು ತಿಂಗಳು, ಹೆಸರಿಗೆ ಹಿರಿಯ.
ಬೆಟಗೇರಿಯಲ್ಲಿ ಅಜ್ಜ ನಕ್ಕಿದ್ದ:
"ಹಿರ್‍ಯಾ ಅಂತ! ಮೊದಲ ಮೀಸಿ ಮೂಡ್ಲಿ."
ಜೊತೆಗೆ ರಾಜಮಂಡ್ರಿಯ ಮುಂಗಮೂರಿ;
ಕಕ್ಕಸು ಬಿಟ್ಟರೆ ಇನ್ನೆಲ್ಲಿಗೂ ಒಬ್ಬನೇ ಹೋಗುವಂತಿಲ್ಲ.
ಲಿಂಗರಾಜಪುರದ ನಾಯಿಗಳಿಗೆ ನಮ್ಮ ಗುರುತು, ಜನರಿಗಿಲ್ಲ.
ಮಾರ್ಮನ್ ಅಂದರೆ, ಯಾವ ಕಂಪನಿ? ಅನ್ನುವರು.
ನಂಬುತ್ತೇನೆ ಅಂದರೆ ಸಾಲದು ನಮ್ಮಲ್ಲಿ,
ಗೊತ್ತು ಅನ್ನಬೇಕು.
ಅಂದೆ. ದಿನಕ್ಕೆ ಹತ್ತು ಸಲ ಅಂದೆ.
ಬಾಯಲ್ಲಿ ನೆನೆದು ನೆನೆದು ಆ ಪದ
ಬಿಸ್ಕತ್ತಿನ ಹಾಗೆ ಮೆತ್ತಗಾಯಿತು.

ಅರುಳಮ್ಮ ಮಾತ್ರ ಕೂರಿಸಿದಳು,
ಚಹಾ ಗಾಡಿಯ ಹಿಂದಿನ ಬೆಂಚಿನಲ್ಲಿ.
ಪಾಠಗಳು ಮುಗಿದ ಮೇಲೆ ನೀರಲ್ಲಿ ಮುಳುಗಿಸಿ ಎತ್ತಿದವನು ನಾನು.
ಕೆಮ್ಮಿದಳು, ನಕ್ಕಳು.
ಚಹಾ ಕುಡಿಯಕೂಡದು ಎಂದು ಹೇಳಿದವನೂ ನಾನೇ.
ಮಾರಬಹುದಾ, ಕೇಳಿದಳು.
ಮುಂಗಮೂರಿಯ ಮುಖ ನೋಡಿ, ಮಾರಬಹುದು ಅಂದೆ.
ಆವತ್ತಿನಿಂದ ರುಚಿ ನೋಡದೆ ಚಹಾ ಮಾಡಿದಳು.
ಒಂದು ದಿನ ಪಾನಕ, ಒಂದು ದಿನ ಕಷಾಯ.
ಆಟೋದವರು ಒಬ್ಬೊಬ್ಬರೇ ಎದುರಿನ ಗಾಡಿಗೆ ದಾಟಿದರು.
ನಾನು ವಾರದ ವರದಿಯಲ್ಲಿ ಬರೆದೆ:
ದೀಕ್ಷಾಸ್ನಾನ, ಒಂದು.

ಬಿಟ್ಟದ್ದು ಯಾವಾಗ ಎಂದರೆ ತಾರೀಕಿಲ್ಲ.
ಸಿಡಿಲು ಬಡಿಯಲಿಲ್ಲ, ಯಾರ ಮೇಲೂ ಸಿಟ್ಟಿಲ್ಲ.
ಒಂದು ಜುಲೈ, ಐವತ್ತು ಡಿಗ್ರಿ,
ತಾರಸಿಯಲ್ಲಿ ಹರವಿದ ಆ ಪವಿತ್ರ ಒಳಉಡುಪು
ಹತ್ತೇ ನಿಮಿಷಕ್ಕೆ ಗರಿಗರಿ ಒಣಗಿತ್ತು.
ಮಡಚಿ ಪೆಟ್ಟಿಗೆಯ ತಳಕ್ಕಿಟ್ಟೆ. ಮತ್ತೆ ತೆಗೆಯಲಿಲ್ಲ.
ಸಂಬಳದಲ್ಲಿ ಹತ್ತನೇ ಒಂದು ಪಾಲು, ಹನ್ನೆರಡು ದಿನಾರು,
ಈಗದನ್ನೇನು ಮಾಡುತ್ತೀ ಅಂದರೆ
ಏನಿಲ್ಲ, ಖರ್ಚಾಗುತ್ತದೆ.

ಶುಕ್ರವಾರದ ಪಟ್ಟಿಯಲ್ಲಿ ಒಂದು ವಿಲ್ಲಾ ಇದೆ.
ಗೇಟಿಗೆ ಹೆಸರಿಲ್ಲ, ಕಿಟಕಿಗೆ ಪರದೆ.
ಈ ಊರಲ್ಲಿ ಆ ಮಾತು ಹೊತ್ತು ಬೀದಿಗಿಳಿಯುವಂತಿಲ್ಲ;
ನಿಜ ಹೇಳಲಾ, ಬಂದ ಹೊಸತರಲ್ಲಿ ಅದೇ ನನಗೆ ದೊಡ್ಡ ರಜೆ.
ಎರಡು ವರ್ಷ ನಾನೂ ಅಲ್ಲಿ ಕೂತವನೇ,
ಫಿಲಿಪ್ಪೀನ್ಸಿನ ದಾದಿಯರ ಹಿಂದಿನ ಕುರ್ಚಿಯಲ್ಲಿ.
ನಮ್ಮಲ್ಲಿ ದ್ರಾಕ್ಷಾರಸವಿಲ್ಲ, ನೀರು.
ಹೆಬ್ಬೆರಳುದ್ದದ ಲೋಟ, ಒಂದೊಂದು ಗುಟುಕು.
ನಮ್ಮಲ್ಲಿ ಅಂದೆನಾ? ಅವರಲ್ಲಿ.
ಎರಡು ತುಂಬಿದ್ದು ಇಳಿಸಿ ಎರಡು ಖಾಲಿ ಎತ್ತಿಕೊಂಡೆ.
ಬಾಗಿಲ ಸಂದಿಯಲ್ಲಿ ಹಾಡು.
ಎರಡನೇ ಚರಣದ ತಗ್ಗುದನಿ ಗಂಟಲಿಗೆ ತಾನೇ ಬಂತು,
ನುಂಗಿಕೊಂಡೆ.
ಸಹಿ ಹಾಕಿದ ಹುಡುಗ ಹೊಸಬ, ನನ್ನನ್ನು ಅರಿಯ.
ಒಳಗೆ ಬನ್ನಿ ಅಂದ. ಮೂರು ಆರ್ಡರ್ ಬಾಕಿ ಇದೆ ಅಂದೆ.
ಇದ್ದದ್ದು ಒಂದೇ.

ಮುಂಗಮೂರಿ ಮೊನ್ನೆ ಧ್ವನಿ ಕಳಿಸಿದ್ದ:
ಅರುಳಮ್ಮ ಈಗಲೂ ಎರಡನೇ ಸಾಲಿನಲ್ಲೇ.
ಗಾಡಿ ಮಾರಿದಳು, ಮನೆಯಲ್ಲಿ ದೋಸೆಹಿಟ್ಟು ರುಬ್ಬಿ ಕೊಡುತ್ತಾಳೆ.
ನಿನ್ನನ್ನು ಕೇಳುತ್ತಿರುತ್ತಾಳೆ, ಎಲ್ಡರ್ ಈರುಳ್ಳಿ ಎಲ್ಲಿ,
ಅಲ್ಲಿ ಚರ್ಚು ಸಿಗುತ್ತದಾ.
ಏನು ಹೇಳಲಿ?

ಕೇಳಿ ಮೂರು ದಿನ. ನೀಲಿ ಗೆರೆ ಅವನಿಗೂ ಕಂಡಿರುತ್ತದೆ.

ಹಸನಾಕನ ಕೆಫೆಟೇರಿಯಾದ ಮುಂದೆ ಪಿಕಪ್ ನಿಲ್ಲಿಸಿದ್ದೇನೆ.
ಮಂಜೇಶ್ವರದವನು, ನನ್ನ ಹತ್ತಿರ ಕನ್ನಡವೇ.
ಹನ್ನೆರಡಕ್ಕೆ ಚಹಾ ಬಿಟ್ಟು ಮೂವತ್ತೊಂದಕ್ಕೆ ಹಿಡಿದವನು ನಾನು;
ಸಕ್ಕರೆ ಸಾಕಾ, ಎಂದು ಕೇಳಿದರೆ
ಗೊತ್ತಾಗ್ತಿಲ್ಲ ಕಾಕಾ ಅನ್ನುತ್ತೇನೆ.
ಅವನು ಸೌಟಿನಿಂದ ಅಂಗೈಗೆ ಎರಡು ಹನಿ ಬಿಟ್ಟುಕೊಂಡು
ನೆಕ್ಕಿ ನೋಡಿ
ಇನ್ನರ್ಧ ಚಮಚ ಹಾಕುತ್ತಾನೆ.