ಗುರುವಾರದ ಹಲಗೆ

ಗುರುವಾರ ನಮ್ಮ ಹಿಟ್ಟಿನ ಗಿರಣಿಗೆ ರಜ.
ಸವೆದ ಕಲ್ಲು ಬಿಚ್ಚಿ, ಉಳಿಯಿಂದ ಕುಟ್ಟಿ
ಹೊಸ ಹಲ್ಲು ಮೂಡಿಸುವ ದಿನ.
ಅವತ್ತೇ ನಾನು ಬಾಗಿಲ ಪಕ್ಕದ ಕರಿಹಲಗೆಯಲ್ಲಿ
ಹತ್ತು ಸಾಲು ಬರೆಯುವುದು.
ಹನ್ನೊಂದನೆಯದಕ್ಕೆ ಜಾಗವಿಲ್ಲ.

ನಗಬೇಡಿ. ಭದ್ರಾವತಿಯ ಪೇಪರ್ ಟೌನಿನಲ್ಲಿ
ಕಾಗದ ನಿಂತ ಮೇಲೆ
ಸೀಮೆಸುಣ್ಣವೇ ಗತಿ.

ಮೊದಲ ವಾರ ಬರೆದದ್ದು ಇಷ್ಟೆ:
ರಾಗಿ ಒಣಗಿಸಿ ತನ್ನಿ, ಹಸಿಯಿದ್ದರೆ ಕಲ್ಲಿಗೆ ಮೆತ್ತುತ್ತದೆ.
ಎರಡನೆಯ ವಾರ ಅದನ್ನೇ ಬರೆಯಲು ನಾಚಿಕೆಯಾಗಿ
ಕಲ್ಲು ಕಾದಾಗ ಏಳುವ ವಾಸನೆಯ ಬಗ್ಗೆ ಬರೆದೆ.
ಮೂರನೆಯ ಬುಧವಾರ ರಾತ್ರಿ
ಹೊಟ್ಟೆಯಲ್ಲಿ ಏನೋ ತಿರುಚಿತು.
ಅದು ಇವತ್ತಿಗೂ ಬುಧವಾರ ತಪ್ಪಿಸಿಲ್ಲ;
ನನಗಿಂತ ಅದೇ ನಿಯತ್ತಿನದು.

ರಜಿಯಾಳ ಗೋಧಿಯಲ್ಲಿ ಸಿಕ್ಕ ಮೂಗುಬೊಟ್ಟು.
ತುಂಬಿದ ಡಬ್ಬ ತರುತ್ತಿದ್ದವರು
ಈಗ ತರುವ ಅರ್ಧ ಸೇರು, ಅದರ ಮೇಲೆ ಮುಚ್ಚಿದ ಟವೆಲು.
ಭದ್ರೆಯ ಸೇತುವೆ ನಡುವೆ ನಿಂತು
ಎರಡು ಬಸ್ಸುಗಳನ್ನು ಯೋಚನೆಗೆ ಹಚ್ಚಿದ ಎಮ್ಮೆ.
ಇಂಥವೇ. ದೊಡ್ಡದೇನೂ ಇಲ್ಲ.

ಬೇಸಗೆಯಲ್ಲಿ ಹಪ್ಪಳ ಒಣಗಿಸಿದ ಹಾಗೆ
ಮೂರು ವಾರದ್ದು ಮೊದಲೇ ಬರೆದು
ಜೀರಿಗೆ ಡಬ್ಬದಲ್ಲಿಟ್ಟೆ ಒಮ್ಮೆ.
ತೆಗೆದು ನೋಡಿದರೆ ಮೆತ್ತಗಾಗಿತ್ತು.
ಮನಸ್ಸಿಲ್ಲದ ಒಂದು ವಾರ ಗಾದೆ ಬರೆದು ಕೈ ತೊಳೆದೆ.
ಜನ ನಿಂತು ಓದಿದರು, ತಲೆದೂಗಿದರು,
ನನಗೆ ಎರಡು ದಿನ ಊಟ ರುಚಿಸಲಿಲ್ಲ.

ಕಾರ್ಖಾನೆಯ ಟೈಮ್ ಆಫೀಸಿನಲ್ಲಿದ್ದ ಸಿಲ್ವೆಸ್ಟರ್ ಮಾಮ
ಅಕ್ಕಿ ಬೀಸಲು ಬಂದು ಹೇಳಿದ:
‘ಚೌಡಮ್ಮ, ಸೈರನ್ನು ಚೆನ್ನಾಗಿ ಕೂಗ್ತಾ ಅಂತ
ಒಬ್ಬರಾದರೂ ಕೇಳಿದ್ರಾ?
ಹೊತ್ತಿಗೆ ಕೂಗ್ತು, ಹೆಂಗಸರು ಅನ್ನಕ್ಕಿಟ್ಟರು. ಅಷ್ಟೆ.’

ಅಷ್ಟೆಯೋ?
ಹೊತ್ತಿಗೆ ಸರಿಯಾಗಿ ಬಂದ ಸುಳ್ಳು ಸುಳ್ಳಲ್ಲವೋ?
ಕೇಳಬೇಕೆನ್ನುವಷ್ಟರಲ್ಲಿ
ಬೆಲ್ಟು ಜಾರಿ ಗಿರಣಿ ನಿಂತಿತು.
ಅವನು ಬೆಲ್ಟು ಹಿಡಿದ, ನಾನು ಸಲಾಕೆ.
ಪ್ರಶ್ನೆ ಹಿಟ್ಟಿನ ದೂಳಿನಲ್ಲಿ ಕೂತೇ ಇದೆ.

ಆಷಾಢದಲ್ಲಿ ಜ್ವರ ಬಂತು.
ಬೆರಳ ಗಂಟುಗಳು ಊದಿ
ಸೀಮೆಸುಣ್ಣವಿರಲಿ, ಲೋಟ ಹಿಡಿಯಲಾರೆ.
ಒಂದು ಗುರುವಾರ ಹೋಯಿತು. ಇನ್ನೊಂದೂ.
‘ಯಾಕೆ ಬರೆದಿಲ್ಲ’ ಅಂತ ಯಾರಾದರೂ ಬರುತ್ತಾರೇನೋ ಎಂದು
ಕಿವಿಯನ್ನು ಬಾಗಿಲಿಗೆ ಕಟ್ಟಿ ಮಲಗಿದ್ದೆ.
ಬಂದವರು ಕೇಳಿದ್ದು, ‘ಗಿರಣಿ ಯಾವಾಗ?’

ಮೂರನೆಯ ಗುರುವಾರ ಗೋಡೆ ಹಿಡಿದು ಹೊರಗೆ ಬಂದೆ.
ಹಲಗೆಯ ಮೇಲೆ ನನ್ನ ಹಳೆಯ ಸಾಲುಗಳಿಲ್ಲ,
ಯಾರೋ ಒದ್ದೆ ಬಟ್ಟೆಯಲ್ಲಿ ನೀಟಾಗಿ ಒರೆಸಿದ್ದಾರೆ.
ಮೇಲ್ಗಡೆ, ಬಲಮೂಲೆಯಲ್ಲಿ
ಅವತ್ತಿನ ತಾರೀಖು.
ಅದರಡಿ ಅಳತೆಪಟ್ಟಿ ಇಟ್ಟು ಎಳೆದ ಗೆರೆ.
ಕೆಳಗೆ ಖಾಲಿ.
ಹತ್ತಿರ ಹೋಗಿ ನೋಡಿದರೆ, ಆ ತಾರೀಖಿನ ಹಿಂದೆ
ಅಳಿಸಿದ ಹೋದ ವಾರದ್ದು,
ಅದರ ಹಿಂದೆ, ಇನ್ನೂ ಮಾಸಲು, ಅದಕ್ಕೂ ಹಿಂದಿನದು.

ಒಂಬತ್ತರ ಬಾಲವನ್ನು ಹಾಗೆ ಎಡಕ್ಕೆ ಬಾಗಿಸುವವರು ಯಾರು?
ಡಬ್ಬಗಳ ಮೇಲೆ ಹೆಸರು, ತೂಕ ಬರೆದ ಚೀಟಿಗಳಿವೆ,
ಒಂದೊಂದೇ ತಿರುವಿದರೆ ಕೈ ಸಿಕ್ಕಿಬಿಡುತ್ತದೆ.
ತಿರುವಲಿಲ್ಲ.

ಎಡಗೈಯಿಂದ ಬರೆದೆ, ಕೋಳಿ ಕೆದರಿದ ಹಾಗೆ:
ಕೀಲು ನೋವು ಇಳಿಯುತ್ತಿದೆ.
ಕಲ್ಲು ಇವತ್ತು ಕುಟ್ಟಿಸಿ ಆಯಿತು.
ಮೊದಲ ಬೀಸಿನ ಹಿಟ್ಟಲ್ಲಿ ಮರಳು ಇರುತ್ತದೆ,
ಅದು ನನ್ನ ಮನೆಗೆ.

ನಾಲ್ಕೇ ಸಾಲು. ಉಳಿದದ್ದು ಹಾಗೇ ಬಿಟ್ಟೆ.
ತಾರೀಖು ಮಾತ್ರ
ಈಗ ನಾನು ಬರೆಯುವುದಿಲ್ಲ.
ಗುರುವಾರ ಬೆಳಿಗ್ಗೆ ಬಾಗಿಲು ತೆಗೆದಾಗ
ಅದು ಅಲ್ಲಿರುತ್ತದೆ.