ಎರಡನೇ ಸಲ ಒಗೆದದ್ದು

ವಾಸ್ಕೋದ ಬಾಯ್ನಾದಲ್ಲಿ ಸಭೆ.
ಪಣಜಿಯಿಂದ ಬಂದವರು ಕೊಂಕಣಿಯಲ್ಲಿ ಶುರುಮಾಡಿ
ಇಂಗ್ಲಿಷಿಗೆ ಜಾರಿದರು. ಅದನ್ನು ಕನ್ನಡಕ್ಕೆ ತರುವುದು
ನನ್ನ ಕೆಲಸ, ಅರ್ಧ ದಿನದ ಕೂಲಿ.
ಮೊದಲ ಸಾಲಿಗೇ ಸಿಕ್ಕಿಬಿದ್ದೆ:
ಕಾರ್ಬನ್ನಿಗೆ ಬೆಲೆ.

'ಇಂಗಾಲ' ಅಂದೆ. ಒಂದು ತಲೆಯೂ ಆಡಲಿಲ್ಲ.
ಅದು ಪಾಠದ ಪುಸ್ತಕದ್ದು, ಕೈಗೆ ಮಸಿ ಹತ್ತದ ಮಾತು.
'ಹೊಗೆ ಬಿಟ್ಟವರು ಕಟ್ಟುವ ಸುಂಕ' ಅಂದೆ.
ಹಿಂದಿನ ಬೆಂಚಿನಿಂದ ಸವಣೂರಿನ ಕಾಶಿಂಬಿ:
'ಹಂಗಾರ ನನ್ನ ಇಸ್ತ್ರಿಪೆಟ್ಟಿಗೀಗೂ ಬಂತೇನ್ರಿ?'

ನಕ್ಕರು ಎಲ್ಲ. ಅವಳು ನಗಲಿಲ್ಲ.
ದಿನಕ್ಕೆ ಎರಡು ಕಿಲೋ ಇದ್ದಿಲು, ಅಂಗಿಗೆ ಎಂಟು ರೂಪಾಯಿ,
ಒಗೆದುಕೊಟ್ಟರೆ ಇಪ್ಪತ್ತು,
ಚೀಲಕ್ಕೆ ಈ ರಂಜಾನಿನಿಂದೀಚೆ ನೂರಿಪ್ಪತ್ತು ಜಾಸ್ತಿ;
ಅವಳಿಗಿದು ಮಗ್ಗಿ.

ಪರದೆಯ ಮೇಲೊಂದು ಗೆರೆ:
ಬೆಲೆ ಏರಿದಂತೆ ಹೊಗೆ ಇಳಿಯುತ್ತದೆ.
ಗೆರೆ ಚಂದವಿತ್ತು, ಘಟ್ಟ ಇಳಿಯುವ ರಸ್ತೆಯ ಹಾಗೆ.
ಅದರಲ್ಲಿ ಯಾರ ಮನೆಯೂ ಕಾಣಲಿಲ್ಲ.

'ಬಂದರದಾಗ ಕಲ್ಲಿದ್ದಲು ಇಳಸ್ತಾರ.
ಗಾಳಿ ಈ ಕಡಿ ತಿರುಗಿತಂದ್ರ
ಹಗ್ಗದ ಮ್ಯಾಲಿನ ಬಿಳಿ ಅಂಗಿ ಬೂದಿ ಆಗ್ತಾವ.
ಮತ್ತ ಒಗೀತೀನಿ. ಮತ್ತ ನೀರು, ಮತ್ತ ಸಾಬೂನು, ಮತ್ತ ನನ್ನ ರಟ್ಟಿ.
ಎರಡನೇ ಸಲ ಒಗದದ್ದಕ್ಕ
ಗಿರಾಕಿ ಕೊಡಂಗಿಲ್ಲ. ಬಂದರದವ್ರಂತೂ ಇಲ್ಲೇ ಇಲ್ಲ.
ನಿಮ್ಮ ಸುಂಕ ಇವತ್ತು ಹುಟ್ಟೇತಿ,
ನಾ ಹನ್ನೊಂದು ವರ್ಷದಿಂದ ಕಟ್ಟಾಕ ಹತ್ತೀನಿ.
ಅದು ಯಾರ ವಹಿಯಾಗ ಜಮಾ ಐತಿ, ಕೇಳ್ರಿ ಅವ್ರನ್ನ.'

ಕೇಳಿದೆ. ಜಮಾ ಅನ್ನುವುದಕ್ಕೆ
ಅವಸರದಲ್ಲಿ ಹೊಳೆದದ್ದು 'ಕ್ರೆಡಿಟ್'.
ಕನ್ನಡಕದವರ ಮುಖ ಅರಳಿತು:
ಕ್ರೆಡಿಟ್ ಬೇರೆಯೇ ವಿಷಯ, ಒಳ್ಳೆಯ ಪ್ರಶ್ನೆ,
ಕಾಡು ಬೆಳೆಸಿದವರಿಗೆ, ಗಾಳಿಯಂತ್ರ ನೆಟ್ಟ ಕಂಪನಿಗಳಿಗೆ...
ಹತ್ತು ನಿಮಿಷ. ನಾನು ಅಷ್ಟನ್ನೂ ತಂದುಕೊಟ್ಟೆ.

ಕಾಶಿಂಬಿ ಕೇಳಿಸಿಕೊಂಡಳು ಪೂರ್ತಿ.
ಆಮೇಲೆ ಚೀಲದಿಂದ ಮಗಳ ಹಳೇ ನೋಟುಬುಕ್ಕು ತೆಗೆದಳು.
ಒಳಗೆ ಇದ್ದಿಲಲ್ಲಿ ಎಳೆದ ಗೀಟುಗಳು,
ಐದೈದಕ್ಕೊಂದು ಅಡ್ಡಗೀಟು, ಪುಟದಿಂದ ಪುಟಕ್ಕೆ ಅಂಟಿ ಮಸುಕಾದವು.
'ಸುಂಕದ ರೊಕ್ಕ ಬಂದ್ರ ಮೊದಲ ಇಲ್ಲಿಂದ ಹಂಚ್ರಿ.
ಧರ್ಮ ಅಲ್ಲ, ಬಾಕಿ.'

'ಬಾಕಿ'ಗೆ ಕೊಂಕಣಿಯಲ್ಲೂ ಬಾಕಿಯೇ.
ನಾನು ತಿರುಗಿಸುವ ಮೊದಲೇ ಅವರಿಗೆ ತಿಳಿಯಿತು.
ಒಬ್ಬಳು ಎಳೆಯ ಹುಡುಗಿ ಪುಟಗಳ ಫೋಟೋ ಹಿಡಿದಳು.
ಹಿಡಿದು ಏನು ಮಾಡಿದಳೋ ಗೊತ್ತಿಲ್ಲ.

ಆ ದಿನ ನಾನು ತೊಟ್ಟದ್ದು ಅವಳೇ ಒಗೆದ ಬಿಳಿ ಅಂಗಿ.
ಇಪ್ಪತ್ತೇ ಕೊಟ್ಟಿದ್ದೆ.
ಎಷ್ಟು ಸಲ ಒಗೆದೆ ಅಂತ
ಯಾವ ಭಾಷೆಯಲ್ಲೂ ಕೇಳಿರಲಿಲ್ಲ.

ಹೊರಗೆ ಗೂಡ್ಸು ಗಾಡಿ ಹೊರಟಿತ್ತು, ಘಟ್ಟದ ಕಡೆಗೆ,
ಈದಿಗೆ ಅವಳು ಊರಿಗೆ ಹೋಗುವ ಹಳಿಯ ಮೇಲೆಯೇ.
ನಲವತ್ತೆಂಟು ಡಬ್ಬಿ ಎಣಿಸಿದೆ.
ಆಮೇಲೆ ಕತ್ತಲಾಯಿತು, ಡಬ್ಬಿ ಯಾವುದು, ಕತ್ತಲು ಯಾವುದು.